ಶಾಲಾ ಪ್ರವಾಸದ ವಿಮೆ: ‘ಎಷ್ಟು ಲಕ್ಷ’ ಅನ್ನೋದಕ್ಕಿಂತ ಮೊದಲು ಕೇಳಬೇಕಾದ್ದು

ನವೆಂಬರ್ ಬಂತೆಂದರೆ ತುಮಕೂರಿನ ನಮ್ಮ ವಿಮಾ ಶಾಖೆಗೆ ಶಾಲೆಯವರ ಓಡಾಟ ಶುರು. ಹೆಡ್‌ಮಾಸ್ಟರು, ಪಿಟಿ ಮೇಷ್ಟ್ರು, ಯಾರೇ ಬಂದರೂ ಮೊದಲು ಕೇಳುವುದು ಒಂದೇ: "ಒಂದು ಮಗುವಿಗೆ ಎಷ್ಟು ಲಕ್ಷ ಸಾರ್?" ನಾನು ತಿರುಗಿ ಕೇಳುತ್ತೇನೆ: "ಕೈ ಮುರಿದರೆ ಆಸ್ಪತ್ರೆ ಬಿಲ್ ಯಾರು ಕಟ್ಟೋದು?"

ಗುಂಪು ಅಪಘಾತ ವಿಮೆಯ ಆ ಲಕ್ಷಗಳು ಸಾವಿಗೆ, ಇಲ್ಲವೇ ಶಾಶ್ವತ ಅಂಗವೈಕಲ್ಯಕ್ಕೆ. ಪ್ರವಾಸದಲ್ಲಿ ಹೆಚ್ಚಾಗಿ ಆಗುವುದು ಅದಲ್ಲ. ಮಕ್ಕಳು ಜಾರಿ ಬೀಳುತ್ತಾರೆ, ಬಸ್ಸಿನ ಬಾಗಿಲಿಗೆ ಬೆರಳು ಸಿಕ್ಕಿಸಿಕೊಳ್ಳುತ್ತಾರೆ. ಕೂಡಿಕೊಳ್ಳುವ ಮೂಳೆಗೆ ಮೂಲ ಪಾಲಿಸಿಯಲ್ಲಿ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಅಪಘಾತದ ವೈದ್ಯಕೀಯ ವೆಚ್ಚವನ್ನು ಪ್ರತ್ಯೇಕವಾಗಿ ಕೇಳಿ, ಒಂದಿಷ್ಟು ಹೆಚ್ಚು ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳಬೇಕು. ವಾಂತಿ, ಜ್ವರದಂಥ ಕಾಯಿಲೆ ಅದರಲ್ಲೂ ಬರುವುದಿಲ್ಲ.

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಚಿತ್ರದುರ್ಗದ ಕೋಟೆಯಲ್ಲಿ ಜಾರಿ ಮುಂಗೈ ಮುರಿದುಕೊಂಡಿದ್ದಳು. ಅವರಪ್ಪ ಗಾರೆ ಕೆಲಸದವರು. ಶಾಲೆ ಪಾಲಿಸಿ ಮಾಡಿಸಿದ್ದು ಬೇರೆ ಕಡೆ. ಯಾರೋ ಹೇಳಿದರೆಂದು ನಮ್ಮಲ್ಲಿಗೆ ಬಂದಿದ್ದರು. ಎಕ್ಸ್‌ರೇ, ಪ್ಲೇಟ್ ಹಾಕಿದ ಆಪರೇಷನ್ನು, ಔಷಧಿ ಚೀಟಿ, ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಿಂದ ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು. ಪಾಲಿಸಿ ತಿರುವಿ ನೋಡಿದೆ: ಸಾವು, ಅಂಗವೈಕಲ್ಯ, ಎರಡೇ ಸಾಲು. "ಮೇಷ್ಟ್ರು ಇನ್ಶೂರೆನ್ಸ್ ಐತೆ ಅಂದಿದ್ರು ಸಾರ್" ಅಂದರು. ಮೇಷ್ಟ್ರು ಸುಳ್ಳು ಹೇಳಿರಲಿಲ್ಲ, ಅದೇ ನನಗೆ ಹೆಚ್ಚು ನೋವಾದದ್ದು.

ಬಸ್ಸಿಗೇ ವಿಮೆ ಇದೆಯಲ್ಲ ಅನ್ನುವವರಿದ್ದಾರೆ. ಅದು ವಾಹನದಿಂದಾದ ಅಪಘಾತಕ್ಕೆ ಮಾತ್ರ, ಕೋಟೆಯ ಬಂಡೆಗಲ್ಲ. ಮೇಲಾಗಿ, ಸೀಟಿಗಿಂತ ಹೆಚ್ಚು ಜನರನ್ನು ತುಂಬಿದ್ದರೆ ವಿಮಾ ಕಂಪನಿಯ ಹೊಣೆ ಪಾಲಿಸಿಯಲ್ಲಿರುವ ಸಂಖ್ಯೆಗಷ್ಟೇ ಎಂದು ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ಸೀಟಿಗೆ ಮೂವರನ್ನು ಅಡ್ಜಸ್ಟ್ ಮಾಡುವ ಮುಂಚೆ ಇದು ನೆನಪಿರಲಿ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯೂ 18 ತುಂಬಿದವರಿಗೆ ಮಾತ್ರ.

2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ತೀರಿಕೊಂಡ ಮೇಲೆ, ಪ್ರವಾಸದ ಪಟ್ಟಿಯಲ್ಲಿ ಸಮುದ್ರ ಕಂಡರೆ ನಾನು ಸುಮ್ಮನಿರುವುದಿಲ್ಲ. ನೀರಿಗೆ ಇಳಿಸಬೇಡಿ ಎಂದೇ ಹೇಳುತ್ತೇನೆ. ಯಾವ ಪಾಲಿಸಿಯೂ ಮಗುವನ್ನು ವಾಪಸ್ ತರುವುದಿಲ್ಲ. ದಾಂಡೇಲಿಗೆ ರಾಫ್ಟಿಂಗ್ ಅಂತ ಹೊರಟವರಿಗೆ ಇನ್ನೊಂದು ಮಾತು: ಸಾಹಸ ಕ್ರೀಡೆಯನ್ನು ಬಹಳ ಪಾಲಿಸಿಗಳು ಹೊರಗಿಟ್ಟಿರುತ್ತವೆ. ಓದಿಯೇ ಸಹಿ ಹಾಕಿ.

ಇನ್ನು ಹೆಸರಿನ ಪಟ್ಟಿ. ಹಿಂದಿನ ರಾತ್ರಿ ಒಬ್ಬನಿಗೆ ಜ್ವರ ಬರುತ್ತದೆ, ಅವನ ಜಾಗಕ್ಕೆ ಇನ್ನೊಬ್ಬ ಹತ್ತುತ್ತಾನೆ. ಪಟ್ಟಿಯಲ್ಲಿ ಹೆಸರಿಲ್ಲದ ಮಗುವಿನ ಕ್ಲೇಮ್ ಪಾಸಾಗುವುದು ಬಲು ಕಷ್ಟ. ಪ್ರೀಮಿಯಂ ಕಟ್ಟುವಾಗಲೇ, ಹೆಸರು ಬದಲಾದರೆ ಹೇಗೆ ತಿಳಿಸಬೇಕೆಂದು ಕೇಳಿಟ್ಟುಕೊಳ್ಳಿ. ಬಸ್ ಹೊರಡುವ ಮುಂಚೆ ತಿದ್ದಿದ ಪಟ್ಟಿಯನ್ನು ಶಾಖೆಗೆ ಇಮೇಲ್ ಮಾಡಿಬಿಡಿ. ಬೆಳಗಿನ ಜಾವ ಐದಾದರೂ ಪರವಾಗಿಲ್ಲ, ಕಳಿಸಿದ ಹೊತ್ತು ಅದರಲ್ಲೇ ದಾಖಲಾಗಿರುತ್ತದೆ.