ನೀರಲ್ಲಿ ಇನ್ನೇನು ಉಳಿದಿದೆ?

ರಜೆಗೆ ಊರಿಗೆ ಹೋದಾಗಲೆಲ್ಲ ನನ್ನ ಸೋದರಮಾವ ಕೇಳುವುದು ಇದೊಂದನ್ನೇ: "ಅಲ್ಲ ಕಣಮ್ಮ, ಇಪ್ಪತ್ತು ವರ್ಷದಿಂದ ನೀರು ನೀರು ಅಂತೀಯ. ನೀರಲ್ಲಿ ಇನ್ನೇನು ಉಳಿದಿದೆ ಕಂಡುಹಿಡಿಯೋಕೆ? ಅದೂ ಒಂದು ಹನಿ ನೀರು ಮುಟ್ಟದೆ, ಕಂಪ್ಯೂಟರಲ್ಲಿ?" ಪಿಎಚ್‌.ಡಿ.ಗೆ ಸೇರಬೇಕೆಂದು ಬರುವ ಹುಡುಗ ಹುಡುಗಿಯರೂ, ಅವರ ಅಪ್ಪ ಅಮ್ಮಂದಿರೂ ಇದನ್ನೇ ಸ್ವಲ್ಪ ನಯವಾಗಿ ಕೇಳುತ್ತಾರೆ. ಈ ಸಲ ಜಗಲಿಯ ಮೇಲೆ ಕೂತು ಮಾವನಿಗೆ ಹೇಳಿದ್ದನ್ನೇ ಎಲ್ಲರಿಗೂ ಬರೆಯುತ್ತಿದ್ದೇನೆ.

ಕಂಪ್ಯೂಟರಿನಲ್ಲಿ ನಾವು ಬಳಸುವ ನೀರು ಇನ್ನೂ ನಿಜವಾದ ನೀರಾಗಿಲ್ಲ. ನಮ್ಮ ಲೆಕ್ಕದಲ್ಲಿ ನೀರಿನ ಒಂದು ಅಣು ಅಂದರೆ ಮೂರು ಚುಕ್ಕಿ: ನಡುವೆ ಆಕ್ಸಿಜನ್, ಪಕ್ಕದಲ್ಲಿ ಎರಡು ಹೈಡ್ರೋಜನ್. ಆಕ್ಸಿಜನ್ನಿಗೆ ಇಷ್ಟು ಋಣ ವಿದ್ಯುದಂಶ, ಹೈಡ್ರೋಜನ್ನಿಗೆ ಇಷ್ಟು ಧನ ಎಂದು ಹಂಚಿಕೊಟ್ಟು, ಸಾವಿರಾರು ಅಣುಗಳನ್ನು ಒಂದು ಪೆಟ್ಟಿಗೆಗೆ ತುಂಬಿ, ಪಿಯುಸಿಯಲ್ಲಿ ಓದಿದ ನ್ಯೂಟನ್ನನ ನಿಯಮದಂತೆ ಓಡಾಡಲು ಬಿಡುತ್ತೇವೆ. 1983ರಲ್ಲಿ ಬಂದ ಟಿಪ್‌3ಪಿ ಎಂಬ ಮಾದರಿಯನ್ನು ಪ್ರೋಟೀನುಗಳ ಲೆಕ್ಕದಲ್ಲಿ ಇವತ್ತಿಗೂ ಧಾರಾಳವಾಗಿ ಬಳಸುತ್ತಾರೆ. ಅದರ ಮಂಜುಗಡ್ಡೆ ಸೊನ್ನೆ ಡಿಗ್ರಿವರೆಗೆ ಕಾಯುವುದಿಲ್ಲ, ಮೈನಸ್ 127 ಡಿಗ್ರಿಯ ಆಸುಪಾಸಿನಲ್ಲೇ ಕರಗಿಹೋಗುತ್ತದೆ. ಅಣುಗಳೂ ನಿಜವಾದ ನೀರಿಗಿಂತ ಎರಡು ಪಟ್ಟಿಗೂ ಹೆಚ್ಚು ವೇಗದಲ್ಲಿ ಚದುರುತ್ತವೆ. 2005ರಲ್ಲಿ ಬಂದ ಇನ್ನೊಂದು ಮಾದರಿ ಎಷ್ಟೋ ವಾಸಿ, ಆದರೂ ಅದರ ಮಂಜುಗಡ್ಡೆ ಮೈನಸ್ 21ಕ್ಕೆ ಕರಗುತ್ತದೆ.

ಮತ್ತೆ ಯಾಕೆ ಬಳಸುತ್ತೀರಿ ಅಂದರೆ, ಪ್ರೋಟೀನಿನ ಲೆಕ್ಕವನ್ನು ಹೊಂದಿಸಿರುವುದೇ ಆ ಹಳೆಯ ನೀರಿನ ಜೊತೆ. ನೀರು ಬದಲಾಯಿಸಿದರೆ ಪ್ರೋಟೀನಿನ ನಡೆಯೂ ಬದಲಾಗುತ್ತದೆ. ಈ ತಪ್ಪು ಎಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತದೆ, ಎಲ್ಲಿ ಇಲ್ಲ ಅನ್ನುವುದನ್ನು ಪತ್ತೆಮಾಡುವುದರಲ್ಲೇ ನನ್ನ ಅರ್ಧ ವೃತ್ತಿಜೀವನ ಕಳೆದಿದೆ. ಈ ದಾರಿಗೆ ಮೊದಲು ಕಾಲಿಟ್ಟವರಲ್ಲಿ ಒಬ್ಬರು ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರಹಮಾನ್. 1971ರಲ್ಲಿ ಅವರೂ ಫ್ರಾಂಕ್ ಸ್ಟಿಲಿಂಜರ್ ಅವರೂ ಅಮೆರಿಕದಲ್ಲಿ ಕೇವಲ 216 ಅಣುಗಳಿಂದ ನೀರಿನ ಚಲನೆಯ ಲೆಕ್ಕ ಹಾಕಿ ತೋರಿಸಿದರು.

ನಾನು ನೀರಿಗೆ ಬಂದದ್ದು ಯೋಜನೆ ಹಾಕಿಕೊಂಡಲ್ಲ. ಪಿಎಚ್‌.ಡಿ.ಯ ಎರಡನೇ ವರ್ಷ, ನನ್ನ ವಿಷಯ ಬ್ಯಾಕ್ಟೀರಿಯಾದ ಒಂದು ಕಿಣ್ವ, ಅಂದರೆ ಒಂದು ಬಗೆಯ ಪ್ರೋಟೀನು. ತೆರೆಯ ಮೇಲೆ ನೀರನ್ನೆಲ್ಲ ಮರೆಮಾಡಿ ಪ್ರೋಟೀನನ್ನಷ್ಟೇ ನೋಡುವುದು ಎಲ್ಲರ ರೂಢಿ, ಇಲ್ಲದಿದ್ದರೆ ಏನೂ ಕಾಣುವುದಿಲ್ಲ. ಒಂದು ರಾತ್ರಿ ಮರೆಮಾಡಲು ಮರೆತೆ. ಹೊರಗೆ ಸುಮಾರು ಹತ್ತು ಸಾವಿರ ಅಣುಗಳು ಬಾಣಲೆಯಲ್ಲಿ ಹುರಿಯುವ ಸಾಸಿವೆಯಂತೆ ಸಿಡಿಯುತ್ತಿದ್ದವು. ಪ್ರೋಟೀನಿನ ಹೊಟ್ಟೆಯೊಳಗೆ ಮಾತ್ರ ಒಂದೇ ಒಂದು ನೀರಿನ ಅಣು, ಒಂದು ಕೆಂಪು ಚುಕ್ಕಿ, ಎರಡು ಬಿಳಿ ಕೊಂಬು, ಕೂತಲ್ಲಿಂದ ಕದಲದೆ ಕೂತಿತ್ತು. ಆಗಾಗ ಎರಡು ಹೈಡ್ರೋಜನ್‌ಗಳು ಜಾಗ ಅದಲುಬದಲು ಮಾಡಿಕೊಳ್ಳುತ್ತಿದ್ದವು, ಅಷ್ಟೇ. ಬೆಳಗಿನ ಜಾವದವರೆಗೂ ಅದನ್ನೇ ನೋಡುತ್ತಿದ್ದೆ.

ಅದರಲ್ಲಿ ಏನು ವಿಶೇಷ ಅಂದರೆ, ಹೊರಗಿನ ನೀರಿನಲ್ಲಿ ಅಣುಗಳ ನಡುವಿನ ಹೈಡ್ರೋಜನ್ ಬಂಧ ಪಿಕೊಸೆಕೆಂಡಿನ (ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು) ಆಸುಪಾಸಿನಲ್ಲೇ ಮುರಿದು ಬೇರೆ ಕಡೆ ಕೂಡುತ್ತದೆ. ಹಸುವಿನ ಮೇದೋಜೀರಕ ಗ್ರಂಥಿಯಲ್ಲಿ ಸಿಗುವ ಬಿಪಿಟಿಐ ಎಂಬ ಪುಟ್ಟ ಪ್ರೋಟೀನಿನೊಳಗೆ ನಾಲ್ಕು ನೀರಿನ ಅಣುಗಳು ಅಡಗಿವೆ. ಅವುಗಳಲ್ಲಿ ಒಂದು ಸರಾಸರಿ 170 ಮೈಕ್ರೊಸೆಕೆಂಡ್ (ಒಂದು ಮೈಕ್ರೊಸೆಕೆಂಡ್ ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಅಲ್ಲೇ ಇರುತ್ತದೆಂದು ಪ್ರಯೋಗಗಳು ತೋರಿಸಿವೆ. ಲೆಕ್ಕ ಹಾಕಿದರೆ ಪಿಕೊಸೆಕೆಂಡಿನ ಹದಿನೇಳು ಕೋಟಿ ಪಟ್ಟು. ನಮ್ಮ ಲೆಕ್ಕದ ಒಂದು ಹೆಜ್ಜೆ ಸಾಮಾನ್ಯವಾಗಿ 2 ಫೆಮ್ಟೊಸೆಕೆಂಡ್, ಅಂದರೆ ಪಿಕೊಸೆಕೆಂಡಿನ ಐನೂರರಲ್ಲಿ ಒಂದು ಪಾಲು. ಒಂದೇ ಒಂದು ಮೈಕ್ರೊಸೆಕೆಂಡ್ ನೋಡಬೇಕಾದರೆ 50 ಕೋಟಿ ಹೆಜ್ಜೆ ಇಡಬೇಕು, ಪ್ರತಿ ಹೆಜ್ಜೆಗೂ ಎಲ್ಲ ಪರಮಾಣುಗಳ ಮೇಲಿನ ಬಲವನ್ನು ಹೊಸದಾಗಿ ಎಣಿಸಬೇಕು. ಇದೇ ಬಿಪಿಟಿಐಯನ್ನು 1977ರಲ್ಲಿ ಮಾರ್ಟಿನ್ ಕಾರ್ಪ್ಲಸ್ ಅವರ ತಂಡ ಸುತ್ತ ನೀರೇ ಇಲ್ಲದೆ ಸುಮಾರು 9 ಪಿಕೊಸೆಕೆಂಡ್ ಓಡಿಸಿತ್ತು. 2010ರಲ್ಲಿ, ಇದಕ್ಕೆಂದೇ ಕಟ್ಟಿದ ಆಂಟನ್ ಎಂಬ ಯಂತ್ರದಲ್ಲಿ, ನೀರಿನೊಳಗೆ ಇಟ್ಟು ಒಂದು ಮಿಲಿಸೆಕೆಂಡ್ ಓಡಿಸಿದರು. ಮೂವತ್ಮೂರು ವರ್ಷದಲ್ಲಿ ಹತ್ತು ಕೋಟಿ ಪಟ್ಟು ಮುಂದೆ! ಇದನ್ನು ನೆನೆಸಿಕೊಂಡಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇದರಿಂದ ಜನಕ್ಕೇನು ಉಪಯೋಗ ಅಂತ ಮಾವ ಕೇಳಿಯೇ ಕೇಳಿದರು. ಎಚ್‌ಐವಿಯ ಪ್ರೋಟಿಯೇಸ್ ಎಂಬ ಕಿಣ್ವಕ್ಕೆ ಔಷಧ ಅಂಟಿಕೊಂಡಾಗ ಇಬ್ಬರ ನಡುವೆ ಸೇತುವೆಯ ಹಾಗೆ ಒಂದು ನೀರಿನ ಅಣು ಇರುತ್ತದೆ. 1994ರಲ್ಲಿ ಒಂದು ತಂಡ ಆ ನೀರನ್ನೇ ಹೊರದೂಡಿ ಅದರ ಜಾಗದಲ್ಲಿ ತನ್ನದೇ ಆಕ್ಸಿಜನ್ ಕೂರಿಸುವಂಥ ಅಣುಗಳನ್ನು ರೂಪಿಸಿತು. ಅವು ಮಾರುಕಟ್ಟೆಗೆ ಬರಲಿಲ್ಲ, ಆದರೆ ಔಷಧ ರೂಪಿಸುವವರು ಅಂದಿನಿಂದ ನೀರನ್ನು ನೋಡುವ ರೀತಿಯೇ ಬೇರೆಯಾಯಿತು.

"ಆಲ್ಫಾಫೋಲ್ಡ್ ಬಂದಮೇಲೆ ನಿಮ್ಮ ಕೆಲಸ ಮುಗೀತಲ್ವಾ ಮೇಡಂ?" ಇದು ವಿದ್ಯಾರ್ಥಿಗಳ ಹೊಸ ಪ್ರಶ್ನೆ. ಆಲ್ಫಾಫೋಲ್ಡ್ ಅಂದರೆ ಪ್ರೋಟೀನಿನ ಆಕಾರ ಊಹಿಸುವ ಕೃತಕ ಬುದ್ಧಿಮತ್ತೆಯ ಪ್ರೋಗ್ರಾಂ. 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅದಕ್ಕೂ ಪಾಲು ಸಿಕ್ಕಿತು, ಸಿಗಲೇಬೇಕಿತ್ತು. ಅದು ಪ್ರೋಟೀನಿನ ಆಕಾರ ಹೇಳುತ್ತದೆ. ಆ ಆಕಾರದೊಳಗೆ ಯಾವ ನೀರು ಎಷ್ಟು ಹೊತ್ತು ಕೂತಿರುತ್ತದೆ ಎಂದು ಹೇಳುವುದಿಲ್ಲ. ಅದಕ್ಕೇ ನನ್ನ ಬಳಿ ಬರುವವರಿಗೆ ಸಾಫ್ಟ್‌ವೇರಿಗಿಂತ ಮೊದಲು ಕಾಗದ ಪೆನ್ನು ಹಿಡಿದು ಸಂಖ್ಯಾಕಲನ ಭೌತಶಾಸ್ತ್ರ (ಅಸಂಖ್ಯ ಅಣುಗಳ ಒಟ್ಟು ನಡೆಯನ್ನು ಲೆಕ್ಕಹಾಕುವ ಶಾಸ್ತ್ರ) ಕಲಿಯಿರಿ ಅನ್ನುತ್ತೇನೆ. ಇದರಲ್ಲಿ ರಾಜಿಯಿಲ್ಲ.

ಎಲ್ಲ ಕೇಳಿಸಿಕೊಂಡ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಅವತ್ತು ರಾತ್ರಿಯೆಲ್ಲ ನೋಡಿದ್ಯಲ್ಲ, ಆ ನೀರು ಆಮೇಲೆ ಹೊರಗೆ ಬಂತಾ?" ಅಂದರು.

"ಇಲ್ಲ ಮಾವ, ಅಷ್ಟು ದೂರ ಲೆಕ್ಕ ಓಡಿಸೋಕೆ ಆಗ ಆಗ್ತಿರಲಿಲ್ಲ."

"ಈಗ?"

ಈಗ ಆಗುತ್ತದೆ. ನನ್ನ ಒಬ್ಬಳು ವಿದ್ಯಾರ್ಥಿನಿ ಅದೇ ಕಿಣ್ವವನ್ನು ಇಟ್ಟುಕೊಂಡು, ಆ ನೀರು ಹೊರಬರಲು ಪ್ರೋಟೀನು ಎಲ್ಲಿ ಬಾಯಿ ತೆರೆಯುತ್ತದೆ ಎಂದು ಹುಡುಕುತ್ತಿದ್ದಾಳೆ.