ಸಮಾಜಶಾಸ್ತ್ರದಲ್ಲಿ ಕಲಿಯೋಕೆ ಏನಿದೆ, ಎಲ್ಲಾ ಗೊತ್ತಿರೋದೇ ಅಲ್ವಾ?

ಡಿಗ್ರಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ ಅಂದ ತಕ್ಷಣ ಬರುವ ಪ್ರಶ್ನೆ ಇದು. ಮನೆಗೆ ಬಂದ ನೆಂಟರು, ಬಸ್ಸಿನಲ್ಲಿ ಪಕ್ಕ ಕೂತವರು, ಮಗಳನ್ನು ಅಡ್ಮಿಷನ್‌ಗೆ ಕರೆದುಕೊಂಡು ಬಂದ ಅಪ್ಪಂದಿರು, ಎಲ್ಲರೂ ಕೇಳುತ್ತಾರೆ. ಕುಟುಂಬ, ಮದುವೆ, ಜಾತಿ, ಹಳ್ಳಿ, ಇದನ್ನೆಲ್ಲ ಹುಟ್ಟಿದಾಗಿನಿಂದ ನೋಡುತ್ತಲೇ ಇದ್ದೇವಲ್ಲ, ಅದಕ್ಕೆ ಮೂರು ವರ್ಷ ಓದಬೇಕಾ ಅಂತ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನಿಮಗೆ ಗೊತ್ತಿಲ್ಲ. ಅಭ್ಯಾಸ ಆಗಿದೆ, ಅಷ್ಟೇ. ಅಭ್ಯಾಸ ಆಗಿರೋದು ಬೇರೆ, ಗೊತ್ತಿರೋದು ಬೇರೆ.

ಹೋದ ವರ್ಷ ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತ ಭಾವನವರು ಇದನ್ನೇ ಎತ್ತಿದರು. "ಬೇಜಾರು ಮಾಡ್ಕೋಬೇಡಮ್ಮ, ಸ್ವಲ್ಪ ಬುದ್ಧಿ ಇದ್ದವನಿಗೆ ನಿಮ್ಮ ಸಬ್ಜೆಕ್ಟ್ ಯಾಕೆ ಬೇಕು?" ಅಂದರು. ನನಗೆ ಬೇಜಾರಾಯಿತು. ಆದರೂ ಸಮಾಧಾನವಾಗಿ ಅಮೆರಿಕದ ಸೈನಿಕರ ಕಥೆ ಶುರು ಮಾಡಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಸೇನೆ ತನ್ನ ಸೈನಿಕರ ಬಗ್ಗೆ ದೊಡ್ಡ ಸಮೀಕ್ಷೆ ಮಾಡಿಸಿತ್ತು. ಸ್ಯಾಮ್ಯುಯೆಲ್ ಸ್ಟೌಫರ್ ಎಂಬ ಸಮಾಜಶಾಸ್ತ್ರಜ್ಞ ಅದರ ಮುಂದಾಳು. "ಹೆಚ್ಚು ಓದಿದ ಸೈನಿಕರಿಗೇ ಮಾನಸಿಕ ತೊಂದರೆ ಜಾಸ್ತಿ ಇತ್ತಂತೆ. ಹಳ್ಳಿಯಿಂದ ಬಂದವರು ಪೇಟೆಯವರಿಗಿಂತ ಉತ್ಸಾಹದಲ್ಲಿದ್ದರಂತೆ" ಅಂದೆ.

ಭಾವ ಜೋರಾಗಿ ತಲೆ ಆಡಿಸಿದರು. "ಓದಿದವನು ಜಾಸ್ತಿ ಯೋಚನೆ ಮಾಡ್ತಾನೆ, ತಲೆ ಕೆಡುತ್ತೆ. ಹಳ್ಳಿಯವನಿಗೆ ಕಷ್ಟ ರೂಢಿ. ಇದಕ್ಕೆ ಸಮೀಕ್ಷೆ ಬೇಕಿತ್ತಾ?"

"ಎರಡೂ ಸುಳ್ಳು ಭಾವ. ಸಮೀಕ್ಷೆಯಲ್ಲಿ ಸಿಕ್ಕಿದ್ದು ಇದರ ಉಲ್ಟಾ."

ಈ ಪಟ್ಟು ನಾನು ಕಂಡುಹಿಡಿದದ್ದಲ್ಲ. 1949ರಲ್ಲಿ ಪಾಲ್ ಲಾಜರ್ಸ್‌ಫೆಲ್ಡ್ ಎಂಬ ಇನ್ನೊಬ್ಬ ಸಮಾಜಶಾಸ್ತ್ರಜ್ಞ ಆ ಸಮೀಕ್ಷೆಯ ವಿಮರ್ಶೆ ಬರೆಯುವಾಗ ಇಂಥ ಆರು ಮಾತುಗಳನ್ನು ಸಾಲಾಗಿ ಇಟ್ಟರು. ಓದುಗರು ಹೌದು ಹೌದು ಅನ್ನುವ ಹೊತ್ತಿಗೆ, ಆರೂ ತಪ್ಪು ಎಂದರು. ನಿಜವಾದದ್ದನ್ನೇ ಮೊದಲು ಹೇಳಿದ್ದರೂ ಭಾವ ತಲೆ ಆಡಿಸುತ್ತಿದ್ದರು. ಓದಿದವನು ಹೇಗೋ ನಿಭಾಯಿಸುತ್ತಾನೆ, ಪೇಟೆಯವನಿಗೆ ಹೇಳಿದ ಹಾಗೆ ಕೇಳಿ ಕೆಲಸ ಮಾಡುವುದು ಗೊತ್ತು, ಹೀಗೆ ಅದಕ್ಕೂ ಕಾರಣ ಸಿಗುತ್ತಿತ್ತು. ಹೀಗಂದರೂ ಹೌದು, ಹಾಗಂದರೂ ಹೌದು ಅನ್ನುವುದು ತಿಳಿವಳಿಕೆ ಹೇಗಾಗುತ್ತದೆ?

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಸಂಗತಿ ಇದೆ. ವಾಯುದಳದಲ್ಲಿ ಬಡ್ತಿ ಬೇಗ ಸಿಗುತ್ತಿತ್ತು, ಮಿಲಿಟರಿ ಪೊಲೀಸರಲ್ಲಿ ತಡ. ಆದರೂ ಬಡ್ತಿಯ ಬಗ್ಗೆ ಜಾಸ್ತಿ ಗೊಣಗುತ್ತಿದ್ದವರು ವಾಯುದಳದವರು. ಪಕ್ಕದವನಿಗೆಲ್ಲ ಬಡ್ತಿ ಸಿಕ್ಕಾಗ ತನಗೆ ಸಿಗದಿದ್ದರೆ ಹೊಟ್ಟೆ ಉರಿಯುತ್ತದೆ. ಯಾರಿಗೂ ಸಿಗದ ಕಡೆ ಅಷ್ಟು ಉರಿಯಲ್ಲ. ಮನುಷ್ಯ ತನ್ನ ಸ್ಥಿತಿಯನ್ನು ಅಳೆಯುವುದು ಅಕ್ಕಪಕ್ಕದವರನ್ನು ನೋಡಿಕೊಂಡು. ಸಂಬಳ, ಮೀಸಲಾತಿ, ತಾಲ್ಲೂಕು ತಾಲ್ಲೂಕುಗಳ ಜಗಳ, ಯಾವುದನ್ನು ಅರ್ಥ ಮಾಡಿಕೊಳ್ಳಬೇಕಾದರೂ ಇದು ಬೇಕು.

ಈ ಮಾತು ನಡೆಯುತ್ತಿರುವಾಗ ಹೆಣ್ಣಿನ ತಂದೆ ನಮ್ಮ ಪಂಕ್ತಿಗೆ ಬಂದರು. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದವರು. ಬೆಳಿಗ್ಗೆಯಿಂದ ಕಾಫಿ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಶಲ್ಯವನ್ನು ಸೊಂಟಕ್ಕೆ ಕಟ್ಟಿಕೊಂಡು ಒಂದೊಂದು ಎಲೆಯ ಮುಂದೆ ಬಗ್ಗಿ, "ಇನ್ನೊಂದು ಒಬ್ಬಟ್ಟು ಹಾಕಿಸ್ಕೊಳ್ಳಿ, ನಿಧಾನಕ್ಕೆ ಊಟ ಮಾಡಿ" ಅನ್ನುತ್ತಿದ್ದರು. ಗಂಡಿನ ಕಡೆಯ ಹುಡುಗನೊಬ್ಬ, ಅವರ ಮಗನ ವಯಸ್ಸಿನವನು, "ಈ ಕಡೆ ತುಪ್ಪಾನೇ ಬಂದಿಲ್ಲ" ಅಂದ. ಅವರು ಕೈಮುಗಿದು, ತಾವೇ ಹೋಗಿ ತುಪ್ಪದ ಮಿಳ್ಳೆ ತಂದು ಬಡಿಸಿದರು.

ಹೆಣ್ಣಿನ ತಂದೆ ಕೊನೇ ಪಂಕ್ತಿಗೆ ಕೂರುತ್ತಾರೆ ಅನ್ನೋದು ಎಲ್ಲರಿಗೂ ಗೊತ್ತು. ಯಾಕೆ ಅಂತ ಎಷ್ಟು ಜನಕ್ಕೆ ಗೊತ್ತು? ನನ್ನನ್ನು ಕೇಳಬೇಕಾದ ಪ್ರಶ್ನೆ ಅದು. ಯಾಕೆ, ಮತ್ತು ಯಾವಾಗಿನಿಂದ?

ಮೊದಲ ವರ್ಷದಲ್ಲಿ ಅಂತಸ್ತು, ಪಾತ್ರ, ಸಾಮಾಜಿಕ ನಿಯಮ ಅಂತ ಪಾಠ ಮಾಡುತ್ತೇವಲ್ಲ, ಅದು ಇದೇ. ಬ್ಯಾಂಕಿನಲ್ಲಿ ಆ ಮನುಷ್ಯನದು ಒಂದು ಅಂತಸ್ತು, ಛತ್ರದಲ್ಲಿ ಇನ್ನೊಂದು. ಸ್ವಭಾವ ಬದಲಾಗಿಲ್ಲ, ನಿಂತ ಜಾಗ ಬದಲಾಗಿದೆ. ನಾವು ನಡೆದುಕೊಳ್ಳುವ ಎಷ್ಟೋ ರೀತಿಗಳು ನಮ್ಮ ಒಳಗಿಂದ ಹುಟ್ಟಿದವಲ್ಲ, ಹೊರಗಿದ್ದು ನಮ್ಮನ್ನು ಒತ್ತುತ್ತವೆ ಎಂದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ 1895ರಲ್ಲೇ ಬರೆದರು. ಮೀರಲು ಹೋದಾಗ ಮಾತ್ರ ಆ ಒತ್ತಡ ಗೊತ್ತಾಗುತ್ತದೆ. ಹೆಣ್ಣಿನ ತಂದೆ ಮೊದಲ ಪಂಕ್ತಿಗೆ ಹೋಗಿ ಕೂತು ಸಾರು ಕೇಳಿದರೆ ಏನಾಗಬಹುದು, ಯೋಚನೆ ಮಾಡಿ.

ಯಾವಾಗಿನಿಂದ ಅನ್ನೋದು ಇನ್ನೂ ಮುಖ್ಯ. ಅನಾದಿ ಕಾಲದಿಂದ ಎಲ್ಲ ಮನೆಗಳಲ್ಲೂ ಹೀಗೇ ನಡೆದುಬಂದಿದೆ ಅಂದುಕೊಂಡವರೇ ಜಾಸ್ತಿ. ಆದರೆ ಹಳೇ ಮೈಸೂರಿನ ಎಷ್ಟೋ ಜಾತಿಗಳಲ್ಲಿ ದುಡ್ಡು ಕೊಡುತ್ತಿದ್ದದ್ದು ಗಂಡಿನ ಕಡೆಯವರು. ಅದಕ್ಕೆ ತೆರ ಅನ್ನುತ್ತಿದ್ದರು. ಹೆಣ್ಣು ಅಂದರೆ ಹೊಲದಲ್ಲಿ ದುಡಿಯುವ ಕೈ, ಅದನ್ನು ಕಳಿಸಿಕೊಡುವ ಮನೆಗೆ ಏನಾದರೂ ಕೊಡಲೇಬೇಕಿತ್ತು. ಅನೇಕ ಜಾತಿಗಳಲ್ಲಿ ಗಂಡ ಸತ್ತವಳಿಗೆ ಕೂಡಿಕೆ, ಅಂದರೆ ಮರುಮದುವೆಯೂ ಇತ್ತು. ಮೇಲೆ ಬರಬೇಕೆಂದ ಜಾತಿಗಳು ಮೇಲಿನವರ ಆಚಾರವನ್ನು ತಮ್ಮದಾಗಿ ಮಾಡಿಕೊಳ್ಳುವುದನ್ನು ಮೈಸೂರಿನಲ್ಲೇ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಸಂಸ್ಕೃತೀಕರಣ ಎಂದು ಕರೆದರು. ಕೊಡವರ ಬಗ್ಗೆ 1952ರಲ್ಲಿ ಬಂದ ಅವರ ಪುಸ್ತಕದಿಂದ ಆ ಮಾತು ಜಗತ್ತಿಗೆ ಹರಡಿತು. ತೆರ ಹೋಗಿ ವರದಕ್ಷಿಣೆ ಬಂದದ್ದಕ್ಕೆ ಅದೊಂದೇ ಕಾರಣ ಅಲ್ಲ. ನಗದು ಹಣದ ವ್ಯವಹಾರ, ಇಂಗ್ಲಿಷ್ ಓದು, ತಿಂಗಳ ಸಂಬಳದ ನೌಕರಿ, ಇವೆಲ್ಲ ಸೇರಿ ಗಂಡಿಗೆ ಬೆಲೆ ಕಟ್ಟಿದವು ಎಂಬುದನ್ನೂ ಅವರು ತೋರಿಸಿದ್ದಾರೆ. 1961ರಲ್ಲಿ ವರದಕ್ಷಿಣೆ ನಿಷೇಧ ಕಾಯ್ದೆ ಬಂತು. ಕಾಯ್ದೆ ಬಂದರೂ ಸಾಮಾಜಿಕ ನಿಯಮ ಬದಲಾಗಲಿಲ್ಲ. ಕಾಯ್ದೆ ಮತ್ತು ನಿಯಮ ಎರಡು ಬೇರೆ ಬೇರೆ ಅಂತ ನಾವು ಪಾಠದಲ್ಲಿ ಒತ್ತಿ ಹೇಳೋದು ಇದಕ್ಕೇ.

ನನ್ನ ವಿದ್ಯಾರ್ಥಿಗಳಿಗೆ ಅಜ್ಜಿಯ ಮದುವೆಯ ಖರ್ಚು, ಅಮ್ಮನ ಮದುವೆಯ ಖರ್ಚು ಕೇಳಿ ಬರೆದುಕೊಂಡು ಬನ್ನಿ ಅಂತ ಹೇಳುತ್ತೇನೆ. ಒಬ್ಬಳ ಅಜ್ಜಿಗೆ ತೆರ ಮತ್ತು ಎರಡು ಸೀರೆ ಬಂದಿತ್ತು. ಅವಳ ಅಮ್ಮನ ಜೊತೆ ಚಿನ್ನ, ಬೈಕು, ಪಾತ್ರೆ ಹೋಗಿತ್ತು. ಒಂದೇ ಮನೆ, ಒಂದೇ ತಲೆಮಾರಿನ ಅಂತರ. "ಅಜ್ಜಿ ಇದನ್ನ ಯಾವತ್ತೂ ಹೇಳೇ ಇರ್ಲಿಲ್ಲ ಮೇಡಂ" ಅಂದಳು. ಅವಳು ಕೇಳಿಯೂ ಇರಲಿಲ್ಲ. ಕೇಳಬಹುದಾದ ವಿಷಯ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಭಾವನವರೂ ಈಗ ಮಗಳಿಗೆ ಗಂಡು ನೋಡುತ್ತಿದ್ದಾರೆ. ಮದುವೆ ದಿನ ನೀವು ಮೊದಲ ಪಂಕ್ತಿಗೇ ಕೂತುಬಿಡಿ ಅಂದೆ. "ಜನ ಏನಂತಾರಮ್ಮಾ?" ಅಂದರು. ಆ ಜನ ಯಾರು, ಅವರ ಮಾತಿಗೆ ನಾವು ಇಷ್ಟು ಹೆದರೋದು ಯಾಕೆ ಅಂತ ಕೇಳಿದೆ. ಅವರ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಮೊದಲ ಸೆಮಿಸ್ಟರ್‌ನ ಪುಸ್ತಕ ಅವರ ಮನೆಗೆ ಕಳಿಸಿದ್ದೇನೆ.