ಎಳ್ಳಮಾಸಿಯ ದಿನ ಊರು ಕಾಯ್ದದ್ದು

ಎಳ್ಳ ಅಮಾವಾಸ್ಯೆ ಬಂತೆಂದರೆ ನಮ್ಮ ಬೀದರ ಸೀಮೆಯ ಊರುಗಳಲ್ಲಿ ಜನವೇ ಇರುವುದಿಲ್ಲ. ಕಾಳು, ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿಯ ಗಡಿಗೆ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ದಂಟಿನ ಕೊಂಪಿಯಲ್ಲಿ, ಅಂದರೆ ಸಣ್ಣ ಗುಡಿಸಲಿನಲ್ಲಿ, ಪಾಂಡವರ ಪೂಜೆ ಮಾಡಿ, ಹೊಲದ ತುಂಬ ನೈವೇದ್ಯದ ಚರಗ ಚೆಲ್ಲಿ, ಬಳಗದ ಜೊತೆ ಉಂಡು ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಇಡೀ ದಿನ ಓಣಿ ತುಂಬ ಬೀಗ. ಇದು ನಮಗೆ ಗೊತ್ತಿದ್ದಷ್ಟೇ ಕಳ್ಳರಿಗೂ ಗೊತ್ತು. ನಾವು ಊರು ಕಾಯಲು ಶುರುಮಾಡಿದ್ದರ ಹಿಂದಿನ ವರ್ಷ ಇದೇ ಹಬ್ಬದ ದಿನ ನಮ್ಮ ಓಣಿಯಲ್ಲಿ ಮನೆ ಒಡೆದು, ಮಗಳ ಲಗ್ನಕ್ಕೆಂದು ಮಾಡಿಸಿಟ್ಟ ಬಂಗಾರದ ಬೋರಮಾಳ ಸರ ಒಯ್ದಿದ್ದರು. ಮಾಂಜ್ರಾ ನದಿ ದಂಡೆಯ ಹೊಲಗಳಲ್ಲಿ ಮೋಟಾರಿನ ಕೇಬಲ್ ಕತ್ತರಿಸಿದ್ದು ಬೇರೆ. ತಾಮ್ರ ಬಿಡಿಸಲು ಕೇಬಲ್ ಸುಟ್ಟ ಜಾಗ ಹಳ್ಳದ ತಗ್ಗಿನಲ್ಲಿತ್ತು. ಕರಗಿದ ರಬ್ಬರು ಕಲ್ಲಿಗೆ ಅಂಟಿ ಕರ್ರಗಾಗಿತ್ತು, ಅದರ ಕಮಟು ವಾಸನೆ ಮರುದಿನವೂ ಹೋಗಿರಲಿಲ್ಲ.

ಆಮೇಲೆಯೇ ನಾವು ಕೆಲವರು ಸೇರಿ ಊರು ಕಾಯುವುದೆಂದು ಮಾತಾಡಿಕೊಂಡೆವು. ಹಿಂದೆ ಇದಕ್ಕೆ ತಳವಾರರಿದ್ದರು, ಪೊಲೀಸ್ ಪಾಟೀಲರಿದ್ದರು. ವಂಶಪಾರಂಪರ್ಯದ ಆ ಹುದ್ದೆಗಳು 1961ರ ಕಾಯ್ದೆಯಿಂದ ರದ್ದಾದವು. ರದ್ದಾದದ್ದು ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ. ಊರಿನ ನಿದ್ದೆಗಾಗಿ ಒಂದೇ ಮನೆತನ ತಲೆತಲಾಂತರ ಎಚ್ಚರ ಇರಬೇಕೆಂಬುದು ಯಾವ ನ್ಯಾಯ? 1964ರಲ್ಲಿ ಗ್ರಾಮ ರಕ್ಷಣಾ ದಳಗಳಿಗೆಂದೇ ರಾಜ್ಯದಲ್ಲಿ ಕಾಯ್ದೆ ಬಂತು. ಆದರೆ ನಮ್ಮೂರಲ್ಲಿ ಅಂಥ ದಳ ಇದ್ದದ್ದು ಹಿರಿಯರಿಗೂ ನೆನಪಿಲ್ಲ.

ಮೊದಲ ಸಭೆ ಹನುಮಾನ ಗುಡಿಯ ಕಟ್ಟೆಯ ಮೇಲೆ ಆಯಿತು. ನಮ್ಮೂರಿನ ಗಸ್ತು ನೋಡಿಕೊಳ್ಳುವ ಬೀಟಿನ ಪೊಲೀಸರು ಬಂದಿದ್ದರು. ಹುಡುಗರಿಗೆ ಬಡಿಗೆ, ಸೀಟಿ, ಬ್ಯಾಟರಿಯ ಮೇಲೆಯೇ ಧ್ಯಾಸ. ಪೊಲೀಸರು ಕಾನೂನು ಬಿಡಿಸಿ ಹೇಳಿದರು: ಹಕ್ಕಿನಿಂದ ಜಾಮೀನು ಸಿಗದಂಥ ದೊಡ್ಡ ಅಪರಾಧ ನಮ್ಮ ಕಣ್ಣೆದುರೇ ನಡೆದರೆ ಸಾಮಾನ್ಯ ಜನರೂ ಆರೋಪಿಯನ್ನು ಹಿಡಿಯಬಹುದು, ಆದರೆ ತಡಮಾಡದೆ, ಹೆಚ್ಚೆಂದರೆ ಆರು ತಾಸಿನೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮು ಅದು. ಬರೀ ಅನುಮಾನ ಇದ್ದರೆ 112ಕ್ಕೆ ಫೋನ್ ಮಾಡಿ, ದೂರದಿಂದ ಕಣ್ಣಿಡಿ ಎಂದರು.

ಆಗ ನಮ್ಮ ಕಾಕಾ ಎದ್ದು ಒಂದೇ ಮಾತು ಅಂದರು: "ಮುರ್ಕಿ ನೆನಪಿಡ್ರಿ." ಕಟ್ಟೆ ಸುಮ್ಮನಾಯಿತು. ಮುರ್ಕಿ ನಮ್ಮದೇ ಔರಾದ ಭಾಗದ ಊರು. 2018ರ ಜುಲೈನಲ್ಲಿ ಹೈದರಾಬಾದಿನಿಂದ ಗೆಳೆಯರ ಊರಿಗೆಂದು ಈ ಕಡೆ ಬಂದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂದು ಅವರ ಫೋಟೊ ವಾಟ್ಸ್ಆ್ಯಪಿನಲ್ಲಿ ಕಾರಿಗಿಂತ ಮುಂದೆ ಓಡಿತು. ಮುರ್ಕಿಯಲ್ಲಿ ಜನ ಅಡ್ಡಗಟ್ಟಿದರು. ಒಬ್ಬ ಎಂಜಿನಿಯರ್ ಹುಡುಗ ಏಟು ತಿಂದು ಸತ್ತ, ಬಿಡಿಸಲು ಹೋದ ಪೊಲೀಸರಿಗೂ ಗಾಯವಾಯಿತು. ಅಲ್ಲಿ ಸೇರಿದವರೂ ತಾವು ಊರು ಕಾಯುತ್ತಿದ್ದೇವೆಂದೇ ತಿಳಿದಿದ್ದರು. ಅವತ್ತೇ ಗೊತ್ತುಮಾಡಿದೆವು: ಗಸ್ತಿಗೆ ಬಡಿಗೆ ಬೇಡ. ಒಂದು ವಹಿ ಇರಲಿ, ಬಂದವರ ಹೆಸರು, ಊರು, ಗಾಡಿ ನಂಬರು ಬರೆಯೋಣ. ಮತ್ತೆ ಹೆಣ್ಣುಮಕ್ಕಳೂ ಪಾಳಿಯಲ್ಲಿ ಇರಬೇಕು. ಹಗಲು ಓಣಿಗೆ ಯಾರು ಬಂದರು, ಯಾರು ಹೋದರು ಎಂಬುದು ಅವರಿಗೆ ಗೊತ್ತಿದ್ದಂತೆ ಗಂಡಸರಿಗೆ ಗೊತ್ತಿರುವುದಿಲ್ಲ.

ಆ ಎಳ್ಳಮಾಸಿಗೆ ನನ್ನ ಪಾಳಿ ಊರ ಬಾಗಿಲಾದ ಅಗಸಿಯಲ್ಲಿ. ನನ್ನ ಜೊತೆ ಕಾಕಾ, ಸ್ವಸಹಾಯ ಸಂಘದ ಇಬ್ಬರು ಅಕ್ಕಂದಿರು. ಮಧ್ಯಾಹ್ನದ ಹೊತ್ತಿಗೆ ಫೋನ್ ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಊರ ಗುಂಪಿನಲ್ಲಿ ಒಂದು ಫೋಟೊ: ಶಾಲೆಯ ಹಿಂದಿನ ಓಣಿಯಲ್ಲಿ ಯಾರೋ ಹೆಂಗಸು ಮಕ್ಕಳ ಕೈಗೆ ಬಲೂನು ಕೊಡುತ್ತಿದ್ದಾಳೆ. ಕೆಳಗೆ ಒಂದು ಧ್ವನಿ ಸಂದೇಶ: "ಮಕ್ಕಳ ಕಳ್ಳರು ಬಂದಾರ, ಹೊಲದಾಗ ಇದ್ದವ್ರು ಲಗೂ ಬರ್ರಿ!"

ಓಡಿದೆವು. ಮೋಟಾರ್ ಸೈಕಲ್ಲಿಗೆ ಎರಡೂ ಕಡೆ ಚೀಲ, ಹಿಂದೆ ಸ್ಟೀಲಿನ ಡಬ್ಬಿ, ಬುಟ್ಟಿ ಕಟ್ಟಿದ್ದರು. ಗಂಡ ಹೆಂಡತಿ ಇಬ್ಬರೇ. ಗಂಡನಿಗೆ ಮರಾಠಿ ಬಿಟ್ಟು ಬೇರೆ ಬಾರದು, ಗಾಬರಿಗೆ ಆ ಮಾತೂ ತಡವರಿಸುತ್ತಿತ್ತು. ಕಾಕಾ ಇಬ್ಬರನ್ನೂ ಕರೆದುಕೊಂಡು ಬಂದು ಗುಡಿಯ ಕಟ್ಟೆಯ ಮೇಲೆ ಕೂಡಿಸಿದರು, ನೀರು ಕೊಟ್ಟರು. ನಾನು 112ಕ್ಕೂ ಬೀಟಿನವರಿಗೂ ಫೋನ್ ಮಾಡಿದೆ. ಅಷ್ಟರಲ್ಲಿ ಹೊಲದ ದಾರಿಯಲ್ಲಿ ಧೂಳೆದ್ದಿತು. ಟ್ರ್ಯಾಕ್ಟರ್ ಮೇಲೆ, ಬೈಕಿನ ಮೇಲೆ ಹುಡುಗರು ಬಂದಿಳಿದರು. ಕೆಲವರ ಕೈಯಲ್ಲಿ ಬಡಿಗೆ. ಎಲ್ಲರೂ ನಮ್ಮವರೇ, ನಾನು ಎತ್ತಿ ಆಡಿಸಿದವರೇ. ಆದರೆ ಆ ಮುಖಗಳನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಆ ಹೆಂಗಸು ಸೆರಗನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಗಂಡನ ಬೆನ್ನಿಗೆ ಸರಿದಳು.

ನಾವು ನಾಲ್ವರೂ ಕಟ್ಟೆಯ ಮುಂದೆ ಅಡ್ಡ ನಿಂತೆವು. "ಸರೀರಿ ಕಾಕಾ, ಮೊದಲ ಬ್ಯಾಗ್ ನೋಡ್ತೀವಿ" ಎಂದ ಒಬ್ಬ. "ಪೊಲೀಸರು ಬರ್ಲಾಕತ್ತಾರ, ಅವ್ರು ನೋಡ್ತಾರ. ನೀ ಬಡಗಿ ಕೆಳಗ ಇಡು" ಎಂದರು ಕಾಕಾ. ಇಡಲಿಲ್ಲ. ಹಿಂದಿನಿಂದ ನೂಕಾಟ ಶುರುವಾಯಿತು. ಆಗ ನಮ್ಮ ಅಕ್ಕಂದಿರಲ್ಲಿ ಹಿರಿಯರು ಆ ಹೆಂಗಸಿನ ಹತ್ತಿರ ಹೋಗಿ ಮುಖ ದಿಟ್ಟಿಸಿ ನೋಡಿ, ತಿರುಗಿ ಜನಕ್ಕೆ ಕೂಗಿ ಹೇಳಿದರು: "ಏ ತಮ್ಮಾ, ಈಕಿ ಕೂದಲ ತಗೊಳ್ಳಾಕಿ! ಹೋದ ಶ್ರಾವಣದಾಗ ನನ್ನ ಕೂದಲಿಗಿ ಡಬ್ಬಿ ಕೊಟ್ಟು ಹೋಗ್ಯಾಳ. ನಿಮ್ಮವ್ವಗೂ ಕೊಟ್ಟಾಳ, ಹೋಗಿ ಕೇಳು!" ಹೆಂಗಸು ನಡುಗುವ ಕೈಯಿಂದಲೇ ಚೀಲ ಬಿಚ್ಚಿದಳು. ಒಳಗೆ ಸುರುಳಿ ಸುತ್ತಿದ ಕೂದಲ ಉಂಡೆಗಳು, ಪಿನ್ನು, ಟಿಕಳಿ, ಬಲೂನಿನ ಪೊಟ್ಟಣ. ಮಕ್ಕಳು ಮನೆಯಿಂದ ಕೂದಲು ತಂದುಕೊಟ್ಟಿದ್ದಕ್ಕೆ ಬಲೂನು ಸಿಕ್ಕಿತ್ತು.

ಬಡಿಗೆಗಳು ಒಂದೊಂದಾಗಿ ಕೆಳಗಿಳಿದವು. ಪೊಲೀಸರು ಬಂದು ಅವರ ಆಧಾರ್ ನೋಡಿ, ಊರಿಗೆ ಫೋನ್ ಮಾಡಿ ವಿಚಾರಿಸಿಕೊಂಡರು. ಸಂದೇಶ ಕಳಿಸಿದ ಹುಡುಗನಿಂದಲೇ ಅದೇ ಗುಂಪಿನಲ್ಲಿ ಖರೆ ಸಂಗತಿ ಹೇಳಿಸಿದರು, ಮೊದಲಿನದನ್ನು ಎಲ್ಲರ ಮುಂದೆ ಅಳಿಸಿಸಿದರು. ಅಲ್ಲಿಗೆ ಬಿಡಬಹುದೆಂದು ನನಗನಿಸಲಿಲ್ಲ. ನಮ್ಮ ಗುಂಪಿನಲ್ಲಿ ಅಳಿಸಿದರೂ ಆ ಫೋಟೊ ಅಷ್ಟರಲ್ಲಿ ಯಾವ ಯಾವ ಊರು ಮುಟ್ಟಿತ್ತೋ! ಆ ಗಂಡ ಹೆಂಡತಿ ಹೋಗಬೇಕಾದದ್ದು ಅದೇ ದಾರಿಯಲ್ಲಿ.

ಯಾರದೋ ಮನೆಯ ಭಜ್ಜಿ, ರೊಟ್ಟಿ ಬಂತು. ಅವರು ಉಣ್ಣುತ್ತಿದ್ದಾಗ ನಾನು, ಕಾಕಾ ಕೂತು ಮುಂದಿನ ಊರುಗಳ ಪಂಚಾಯಿತಿ ಮೆಂಬರುಗಳಿಗೆ, ಕಿರಾಣಿ ಅಂಗಡಿಯವರಿಗೆ, ಬೀಗರಿಗೆ ಫೋನ್ ಹಚ್ಚಿ ಅವರ ಗಾಡಿ ನಂಬರು ಹೇಳಿದೆವು. ಕೂದಲಿನ ವ್ಯಾಪಾರದವರು, ನಮ್ಮ ವಹಿಯಲ್ಲಿ ಬರೆದಿದ್ದೇವೆ, ಯಾರೂ ತಡೆಯಬೇಡಿ ಎಂದೆವು. ಒಂದು ಊರಿನವರು ಆ ಫೋಟೊ ತಮಗೆ ಆಗಲೇ ಬಂದಿದೆ ಎಂದರು. ಆ ಊರಿನ ಗಡಿ ದಾಟುವತನಕ ನಮ್ಮ ಹುಡುಗರಿಬ್ಬರು ಬೈಕಿನಲ್ಲಿ ಗಂಡ ಹೆಂಡತಿಯ ಜೊತೆ ಹೋದರು. ಆ ಹುಡುಗರಲ್ಲೊಬ್ಬ ಮೊದಲು ಬಡಿಗೆ ಇಡದೆ ನಿಂತಿದ್ದವನು.